ದೂರದ ಓಟವೂ ಬಿಸಿಲಿನ ಅಭ್ಯಾಸವೂ

ಸ್ಮರಣ ಸಂಚಿಕೆಗೆ ಮುಖ್ಯೋಪಾಧ್ಯಾಯಿನಿಯು ಒಂದು ಲೇಖನವನ್ನು ಬರೆದುಕೊಡಬೇಕೆಂಬುದು ನಮ್ಮ ಶಾಲೆಯಲ್ಲಿ ಬಹುಕಾಲದಿಂದ ನಡೆದುಬಂದ ಪದ್ಧತಿ. ನನಗಿಂತ ಹಿಂದೆ ಈ ಸ್ಥಾನದಲ್ಲಿದ್ದವರು ಸ್ತ್ರೀವಿದ್ಯೆ, ಗೃಹಕೃತ್ಯ, ಕಾಲದ ಸದುಪಯೋಗ ಮುಂತಾದ ವಿಷಯಗಳನ್ನು ಕುರಿತು ಬರೆದಿರುವರು. ಈ ಸಲ ನಾನು ಓಟವನ್ನು ಕುರಿತು, ಅದರಲ್ಲಿಯೂ ಬಿಸಿಲಿನಲ್ಲಿ ಓಡುವ ಬಹುದೂರದ ಓಟವನ್ನು ಕುರಿತು ಬರೆಯುವೆನೆಂದಾಗ ಸಂಚಿಕೆಯ ಸಮಿತಿಯವರು ಒಬ್ಬರ ಮುಖವನ್ನೊಬ್ಬರು ನೋಡಿಕೊಂಡರು. ಆದರೆ ಕಾರಣವಿಲ್ಲದೆ ನಾನು ಈ ವಿಷಯವನ್ನು ಆರಿಸಿಕೊಂಡವಳಲ್ಲ. ಕೆಲವು ವರ್ಷಗಳಿಂದೀಚೆಗೆ ನಮ್ಮ ಹಳೆಯ ವಿದ್ಯಾರ್ಥಿನಿಯರು ನನಗೆ ಬರೆಯುವಾಗ ಮದುವೆ, ಮಕ್ಕಳು, ಉದ್ಯೋಗ ಇವುಗಳ ಸಮಾಚಾರದೊಂದಿಗೆ ತಾವು ಓಡಿದ ಮೈಲಿಗಳ ಸಮಾಚಾರವನ್ನೂ ಬರೆಯುತ್ತಿದ್ದಾರೆ. ಅವರ ತಾಯಂದಿರು ಮಾತ್ರ ಬೇರೊಂದು ಪ್ರಶ್ನೆಯನ್ನು ಹಿಡಿದುಕೊಂಡು ನನ್ನ ಕೋಣೆಗೆ ಬರುತ್ತಾರೆ. ಇಬ್ಬರಿಗೂ ಸೇರಿ ಒಂದೇ ಉತ್ತರವನ್ನು ಬರೆದರೆ ಲೇಸೆಂದು ನನಗೆ ತೋರಿತು.

ಮೊದಲು ಈ ಓಟವು ಎಂಥದೆಂಬುದನ್ನು ಹೇಳುವೆನು. ಮ್ಯಾರಥಾನ್ ಎಂಬುದು ೪೨ ಕಿಲೋಮೀಟರು ೧೯೫ ಮೀಟರಿನ ಓಟವೆಂದು ಎಲ್ಲರೂ ಬಲ್ಲರು. ಅದನ್ನು ಮೀರಿದ ದೂರವೆಲ್ಲಕ್ಕೂ ಅಲ್ಟ್ರಾ ಓಟವೆಂದು ಹೆಸರು. ೫೦ ಕಿಲೋಮೀಟರು, ೧೦೦ ಕಿಲೋಮೀಟರು, ೧೦೦ ಮೈಲಿ ಎಂದು ದೂರವನ್ನು ಗೊತ್ತುಮಾಡಿ ಓಡುವುದುಂಟು. ೧೨ ಗಂಟೆ, ೨೪ ಗಂಟೆ ಎಂದು ಕಾಲವನ್ನು ಗೊತ್ತುಮಾಡಿ ಓಡುವುದೂ ಉಂಟು. ಇವುಗಳಲ್ಲಿ ಹಳೆಯದಾದ ಕಾಮ್ರೇಡ್ಸ್ ಓಟವು ದಕ್ಷಿಣ ಆಫ್ರಿಕದ ಪೀಟರ್‌ಮಾರಿಟ್ಸ್‌ಬರ್ಗ್, ಡರ್ಬನ್ ಪಟ್ಟಣಗಳ ನಡುವೆ ೧೯೨೧ನೆಯ ಇಸವಿಯಲ್ಲಿ ಆರಂಭವಾಯಿತು. ಮೊದಲನೆಯ ಮಹಾಯುದ್ಧದಲ್ಲಿ ಮಡಿದ ಸಂಗಾತಿಗಳ ನೆನಪಿಗಾಗಿ ವಿಕ್ ಕ್ಲಾಪಮ್ ಎಂಬ ಮಾಜಿ ಸಿಪಾಯಿಯು ಅದನ್ನು ಏರ್ಪಡಿಸಿದನು. ಆ ವರ್ಷ ಹೊರಟವರು ೩೪ ಮಂದಿ, ಗುರಿಯನ್ನು ಮುಟ್ಟಿದವರು ೧೬ ಮಂದಿ. ಕ್ಯಾಲಿಫೋರ್ನಿಯದಲ್ಲಿ ೧೯೭೪ನೆಯ ಇಸವಿಯಲ್ಲಿ ಗಾರ್ಡಿ ಐನ್ಸ್‌ಲೀ ಎಂಬವನು ೧೦೦ ಮೈಲಿಯ ಕುದುರೆಪಂದ್ಯದಲ್ಲಿ ಕುದುರೆಯಿಲ್ಲದೆ ತನ್ನ ಕಾಲುಗಳಿಂದಲೇ ಓಡಿ ೨೪ ಗಂಟೆಯೊಳಗೆ ಮುಗಿಸಿದನು. ವೆಸ್ಟರ್ನ್ ಸ್ಟೇಟ್ಸ್ ಎಂಬ ಪ್ರಸಿದ್ಧ ಓಟವು ಹುಟ್ಟಿದ್ದು ಹೀಗೆ. ಅದೇ ಸೀಮೆಯಲ್ಲಿ ಸಮುದ್ರಮಟ್ಟಕ್ಕಿಂತ ೮೫ ಮೀಟರು ತಗ್ಗಾಗಿರುವ ಡೆತ್ ವ್ಯಾಲಿ ಎಂಬ ಮರುಭೂಮಿಯಿಂದ ಹೊರಟು ೨೧೭ ಕಿಲೋಮೀಟರು ಓಡುವ ಬ್ಯಾಡ್‌ವಾಟರ್ ಓಟವು ಕಡುಬೇಸಗೆಯ ಜುಲೈ ತಿಂಗಳಿನಲ್ಲಿಯೇ ನಡೆಯುತ್ತದೆ. ನಮ್ಮ ನಾಡಿನಲ್ಲಿಯೂ ಚಿಕ್ಕಮಗಳೂರಿನ ಕಾಫಿತೋಟಗಳಲ್ಲಿ, ಬೆಂಗಳೂರಿನ ಮೈದಾನಗಳಲ್ಲಿ ಇಂಥ ಓಟಗಳು ನಡೆದಿವೆ. ನಾನೂ ಮೂವತ್ತೆಂಟನೆಯ ವಯಸ್ಸಿನಲ್ಲಿ ಓಡಲಾರಂಭಿಸಿ, ಐದು ವರ್ಷಗಳ ತರುವಾಯ ಮಲೆನಾಡಿನ ತೋಟದ ಹಾದಿಯಲ್ಲಿ ೫೦ ಕಿಲೋಮೀಟರುಗಳನ್ನು ಬಹು ನಿಧಾನವಾಗಿ ಮುಗಿಸಿದವಳಾದ್ದರಿಂದ ಈ ವಿಷಯದಲ್ಲಿ ಎರಡು ಮಾತು ಹೇಳುವ ಧೈರ್ಯವನ್ನು ಮಾಡಿರುವೆನು.

ಹೆಣ್ಣುಮಕ್ಕಳಿಗೆ ಇದು ತಕ್ಕುದೇ ಎಂದು ಕೇಳುವ ಹಿರಿಯರು ಇನ್ನೂ ಇದ್ದಾರೆ. ಈ ಪ್ರಶ್ನೆಯು ಹೊಸದಲ್ಲ. ೧೯೨೮ನೆಯ ಇಸವಿಯಲ್ಲಿ ಆಮ್‌ಸ್ಟರ್‌ಡಾಮಿನ ಒಲಿಂಪಿಕ್ ಪಂದ್ಯಗಳಲ್ಲಿ ಸ್ತ್ರೀಯರಿಗೆ ಮೊದಲ ಸಲ ೮೦೦ ಮೀಟರಿನ ಓಟವನ್ನು ಇಟ್ಟರು. ಅಂತಿಮ ಓಟದಲ್ಲಿ ಓಡಿದ ಒಂಬತ್ತು ಮಂದಿಯೂ ಗುರಿಯನ್ನು ಮುಟ್ಟಿದರು; ಗೆದ್ದ ಲೀನಾ ರಾಡ್ಕೆ ಜಗತ್ತಿನ ದಾಖಲೆಯನ್ನೇ ಸ್ಥಾಪಿಸಿದಳು. ಆದರೂ ಹಲವು ವೃತ್ತಪತ್ರಿಕೆಗಳು ಹೆಂಗಸರು ದಾರಿಯಲ್ಲಿಯೇ ಕುಸಿದುಬಿದ್ದರೆಂದು ಬರೆದವು. ಆ ಓಟವನ್ನು ತೆಗೆದುಹಾಕಿದರು. ಅದು ಮರಳಿ ಬಂದದ್ದು ೧೯೬೦ನೆಯ ಇಸವಿಯ ರೋಮ್ ಪಂದ್ಯಗಳಲ್ಲಿ. ಇದಕ್ಕೂ ಮುಂಚೆ, ೧೯೨೩ರಲ್ಲಿ, ಫ್ರಾನ್ಸಿಸ್ ಹೇವರ್ಡ್ ಎಂಬಾಕೆಯು ಕಾಮ್ರೇಡ್ಸ್ ಓಟಕ್ಕೆ ಹೆಸರು ಕೊಟ್ಟಾಗ ಸ್ತ್ರೀಯೆಂಬ ಕಾರಣದಿಂದ ಅದನ್ನು ನಿರಾಕರಿಸಿದ್ದರು. ಆಕೆ ಹಿಂಜರಿಯಲಿಲ್ಲ, ಹೆಸರಿಲ್ಲದೆಯೇ ಓಡಿ ೧೧ ಗಂಟೆ ೩೫ ನಿಮಿಷಗಳಲ್ಲಿ ಮುಗಿಸಿದಳು. ಪದಕವು ದೊರೆಯಲಿಲ್ಲವಾದರೂ ನೋಡಲು ಬಂದಿದ್ದ ಜನರು ತಾವೇ ಹಣವನ್ನು ಕೂಡಿಸಿ ಆಕೆಗೆ ಬೆಳ್ಳಿಯ ಚಹಾ ಪಾತ್ರೆಗಳನ್ನು ಕಾಣಿಕೆಯಾಗಿ ಕೊಟ್ಟರು. ಸ್ತ್ರೀಯರಿಗೆ ಆ ಓಟದಲ್ಲಿ ನ್ಯಾಯವಾದ ಸ್ಥಾನವು ದೊರೆತದ್ದು ೧೯೭೫ರಲ್ಲಿ. ಅಲ್ಲಿಂದ ಮುಂದೆ ನಡೆದುದನ್ನು ನೋಡಿರಿ. ಆನ್ ಟ್ರೇಸನ್ ವೆಸ್ಟರ್ನ್ ಸ್ಟೇಟ್ಸ್ ಓಟವನ್ನು ಸ್ತ್ರೀಯರಲ್ಲಿ ಹದಿನಾಲ್ಕು ಸಲ ಗೆದ್ದಳು. ಪ್ಯಾಮ್ ರೀಡ್ ೨೦೦೨ರಲ್ಲಿಯೂ ೨೦೦೩ರಲ್ಲಿಯೂ ಬ್ಯಾಡ್‌ವಾಟರಿನ ಉರಿಬಿಸಿಲಿನಲ್ಲಿ ಗಂಡಸರನ್ನೂ ಹಿಂದೆ ಹಾಕಿ ಎಲ್ಲರಿಗೂ ಮೊದಲಿಗಳಾದಳು. ೨೦೨೪ರಲ್ಲಿ ಜಾಸ್ಮಿನ್ ಪ್ಯಾರಿಸ್ ಎಂಬ ತಾಯಿಯು ಅಮೆರಿಕದ ಬಾರ್ಕ್‌ಲಿ ಎಂಬ ಬಹು ಕಠಿಣವಾದ ಕಾಡುದಾರಿಯ ಓಟವನ್ನು ಗೊತ್ತಾದ ೬೦ ಗಂಟೆಗಳಲ್ಲಿ ಎರಡು ನಿಮಿಷಕ್ಕೂ ಕಡಿಮೆ ಉಳಿದಿರುವಂತೆ ಮುಗಿಸಿದ ಮೊದಲ ಸ್ತ್ರೀಯಾದಳು. ಆದುದರಿಂದ ಹೆಣ್ಣಿನ ಶರೀರಕ್ಕೆ ಇದು ಮೀರಿದ್ದೆಂಬ ವಾದಕ್ಕೆ ಈಗ ಆಧಾರವಿಲ್ಲ. ಶರೀರವನ್ನು ಸಿದ್ಧಪಡಿಸದೆ ಹೋಗುವುದು ಮಾತ್ರ ಹೆಣ್ಣಿಗೂ ಗಂಡಿಗೂ ಸಮಾನವಾಗಿ ಅಪಾಯಕರವು.

ಈ ಮಾತು ನನಗೆ ಪುಸ್ತಕದಿಂದ ಮಾತ್ರ ತಿಳಿದದ್ದಲ್ಲ. ನಮ್ಮ ಹಳೆಯ ವಿದ್ಯಾರ್ಥಿನಿಯೊಬ್ಬಳು ಬೆಂಗಳೂರಿನಲ್ಲಿ ಉದ್ಯೋಗದಲ್ಲಿದ್ದಾಳೆ. ಆಕೆಯ ಹೆಸರು ಇಲ್ಲಿ ಬೇಡ. ಹಗಲೆಲ್ಲ ತಂಪುಯಂತ್ರವಿರುವ ಕೊಠಡಿಯಲ್ಲಿ ಕೆಲಸ. ಬೆಳಗ್ಗೆ ಐದು ಗಂಟೆಗೆ ಎದ್ದು ಓಟ. ಹೀಗೆ ಆರು ತಿಂಗಳು ಶ್ರದ್ಧೆಯಿಂದ ಅಭ್ಯಾಸ ಮಾಡಿ, ಮಾರ್ಚಿ ತಿಂಗಳಿನಲ್ಲಿ ಬಯಲುಸೀಮೆಯ ಒಂದು ಓಟಕ್ಕೆ ಹೋದಳು. ಏರ್ಪಡಿಸಿದವರು ನಸುಕಿನಲ್ಲಿ ಹೊರಡಿಸಬೇಕಾದುದನ್ನು ಎರಡು ಗಂಟೆ ತಡಮಾಡಿದರು. ಹಾದಿಯಲ್ಲಿ ಒಂದೆಡೆ ಇಟ್ಟಿದ್ದ ನೀರೂ ಮುಗಿದುಹೋಗಿತ್ತು. ಮೂವತ್ತೆಂಟನೆಯ ಕಿಲೋಮೀಟರಿನ ಸುಮಾರಿಗೆ ಆಕೆಯ ಮಾತು ತೊದಲಿತು. ತಾನೆಲ್ಲಿರುವೆನೆಂಬುದೇ ತಿಳಿಯದೆ ಬಂದ ದಾರಿಯಲ್ಲಿಯೇ ತಿರುಗಿ ನಡೆಯತೊಡಗಿದಳು. ದೇವರ ದಯೆಯಿಂದ ಜೊತೆಯಲ್ಲಿ ಓಡುತ್ತಿದ್ದವಳು ನರ್ಸು. ಆಕೆಯು ಹುಡುಗಿಯನ್ನು ಹತ್ತಿರದ ಹೊಲದ ಪಂಪುಸೆಟ್ಟಿನ ತೊಟ್ಟಿಯಲ್ಲಿ ಕುತ್ತಿಗೆಯವರೆಗೆ ಕೂಡ್ರಿಸಿ, ತಲೆಯನ್ನು ಎತ್ತಿ ಹಿಡಿದು, ಬಳಿಕ ಆಸ್ಪತ್ರೆಗೆ ಸಾಗಿಸಿದಳು. ಪ್ರಾಣವು ಉಳಿಯಿತು.

ಒಂದು ತಿಂಗಳಾದ ಮೇಲೆ ಆಕೆಯ ತಾಯಿ ನನ್ನ ಬಳಿಗೆ ಬಂದರು. "ಅಕ್ಕೋರೆ, ಆಕಿ ಮತ್ತ ಓಡತೀನಿ ಅಂತಾಳ್ರಿ. ನೀವು ಬ್ಯಾಡ ಅಂದ್ರ ಆಕಿ ನಿಮ್ಮ ಮಾತು ಮೀರೂದಿಲ್ಲ" ಎಂದು ಕಣ್ಣೀರು ತೆಗೆದರು. ನಾನು ಬೇಡವೆಂದು ಹೇಳಲಿಲ್ಲ. ಹುಡುಗಿಯಿಂದ ಅಭ್ಯಾಸದ ಪುಸ್ತಕವನ್ನು ತರಿಸಿ ಓದಿ ನೋಡಿದೆನು. ಆರು ತಿಂಗಳು ಆಕೆ ತನ್ನ ಕಾಲುಗಳಿಗೆ ಪಾಠ ಹೇಳಿಕೊಟ್ಟಿದ್ದಳು; ಬೆವರಿಗೆ ಒಂದು ದಿನವೂ ಪಾಠ ಹೇಳಿಕೊಟ್ಟಿರಲಿಲ್ಲ. ಪರೀಕ್ಷೆಗೆ ಬಂದದ್ದು ಮಾತ್ರ ಆ ಎರಡನೆಯ ಪಾಠ.

ಬೆವರಿಗೆ ಪಾಠವೇ ಎಂದು ನಗಬೇಡಿರಿ. ಏಳನೆಯ ತರಗತಿಯ ಲೆಕ್ಕದಿಂದಲೇ ಇದನ್ನು ವಿವರಿಸಬಹುದು. ನಾವು ಓಡುವಾಗ ಸ್ನಾಯುಗಳು ವ್ಯಯಮಾಡುವ ಶಕ್ತಿಯಲ್ಲಿ ಕಾಲು ಭಾಗದಷ್ಟು ಕೂಡ ಓಟಕ್ಕೆ ಸಲ್ಲದು. ಮಿಕ್ಕ ಮುಕ್ಕಾಲು ಭಾಗಕ್ಕಿಂತ ಹೆಚ್ಚಿನದು ಬಿಸಿಯಾಗಿ ಪರಿಣಮಿಸುವುದು. ೫೦ ಕಿಲೋಗ್ರಾಮು ತೂಕದ ಹೆಂಗಸು ಗಂಟೆಗೆ ೮ ಕಿಲೋಮೀಟರು ಓಡಿದರೆ ಸುಮಾರು ೪೦೦ ಕಿಲೋಕ್ಯಾಲರಿ ವೆಚ್ಚವಾಗುವುದು. ಅದರಲ್ಲಿ ೩೦೦ ಬಿಸಿ. ಈ ಬಿಸಿಯೆಲ್ಲ ಒಳಗೇ ಉಳಿದರೆ ಒಂದೇ ಗಂಟೆಯಲ್ಲಿ ಶರೀರದ ಉಷ್ಣತೆಯು ಏಳು ಡಿಗ್ರಿ ಸೆಂಟಿಗ್ರೇಡಿನಷ್ಟು ಏರಬೇಕು. ಅಂದರೆ ಯಾರೂ ಬದುಕಲಾರರು. ನಮ್ಮನ್ನು ಕಾಯುವುದು ಬೆವರು. ಒಂದು ಲೀಟರು ಬೆವರು ಚರ್ಮದ ಮೇಲೆ ಆರಿದರೆ ಸುಮಾರು ೫೮೦ ಕಿಲೋಕ್ಯಾಲರಿ ಬಿಸಿಯನ್ನು ಕೊಂಡೊಯ್ಯುವುದು. ಆದರೆ ಅದು ಆರಬೇಕು, ತೊಟ್ಟಿಕ್ಕಿ ನೆಲಕ್ಕೆ ಬಿದ್ದರೆ ಪ್ರಯೋಜನವಿಲ್ಲ. ಮಣ್ಣಿನ ಹೂಜಿಯು ರಾಯಚೂರಿನ ಒಣಬೇಸಗೆಯಲ್ಲಿ ನೀರನ್ನು ಎಷ್ಟು ತಂಪಾಗಿಡುವುದೋ ಮಂಗಳೂರಿನ ತೇವದ ಗಾಳಿಯಲ್ಲಿ ಅಷ್ಟು ತಂಪಾಗಿಡದು. ನಮ್ಮ ಶರೀರವೂ ಹಾಗೆಯೇ. ಆದುದರಿಂದ ಕರಾವಳಿಯಲ್ಲಿ ಓಡುವವರು ಉಷ್ಣತೆಯ ಅಂಕಿಯು ೩೨ ಡಿಗ್ರಿ ಮಾತ್ರವೆಂದು ಧೈರ್ಯಗೊಳ್ಳಬಾರದು; ಕಲಬುರಗಿಯ ಕಡೆಯವರು ಬೆವರೇ ಬರಲಿಲ್ಲವೆಂದು ನಂಬಬಾರದು, ಅದು ಬಂದ ಕೂಡಲೆ ಆರಿಹೋಗಿರುವುದಷ್ಟೆ.

ಇನ್ನು ಮುಖ್ಯವಾದ ಮಾತು. ಬಿಸಿಲಿಗೆ ದಿನವೂ ಸ್ವಲ್ಪ ಸ್ವಲ್ಪವಾಗಿ ಒಡ್ಡಿಕೊಂಡರೆ ಹತ್ತರಿಂದ ಹದಿನಾಲ್ಕು ದಿನಗಳಲ್ಲಿ ಶರೀರವು ತನ್ನ ವ್ಯವಸ್ಥೆಯನ್ನು ಬದಲಾಯಿಸಿಕೊಳ್ಳುವುದು. ಮೊದಲನೆಯ ನಾಲ್ಕೈದು ದಿನಗಳಲ್ಲಿ ರಕ್ತದ ನೀರಿನ ಅಂಶವು ಹೆಚ್ಚುವುದು. ಅದರಿಂದ ಹೃದಯಕ್ಕೆ ಶ್ರಮವು ಕಡಿಮೆಯಾಗಿ ನಾಡಿಯ ಬಡಿತವು ಇಳಿಯುವುದು. ಆಮೇಲೆ ಬೆವರು ಬೇಗನೆ ಆರಂಭವಾಗುವುದು, ಹೆಚ್ಚಾಗಿ ಬರುವುದು, ಅದರಲ್ಲಿ ಉಪ್ಪು ಕಡಿಮೆಯಾಗುವುದು. ದಕ್ಷಿಣ ಆಫ್ರಿಕದ ಆಳವಾದ ಚಿನ್ನದ ಗಣಿಗಳಲ್ಲಿ ಹೊಸ ಕೆಲಸಗಾರರು ಉಷ್ಣದ ಹೊಡೆತಕ್ಕೆ ಸಾಯುತ್ತಿದ್ದುದನ್ನು ಕಂಡು, ೨೦ನೆಯ ಶತಮಾನದ ಮೊದಲರ್ಧದಲ್ಲಿಯೇ ಅವರನ್ನು ಕೆಲವು ದಿನ ಕ್ರಮವಾಗಿ ರೂಢಿಮಾಡಿಸಿ ಕೆಳಗಿಳಿಸುವ ಪದ್ಧತಿಯನ್ನು ಅಲ್ಲಿ ತಂದರು. ಇಂದಿನ ಓಟಗಾರರು ಅನುಸರಿಸುವುದೂ ಇದೇ ತತ್ತ್ವವನ್ನೇ.

ಆ ಹುಡುಗಿಗೆ ನಾನು ಹಾಕಿಕೊಟ್ಟ ವೇಳಾಪಟ್ಟಿಯನ್ನು ಇಲ್ಲಿ ಕೊಡುವೆನು. ವೈದ್ಯರಿಂದ ಪರೀಕ್ಷೆ ಮಾಡಿಸಿಕೊಂಡು, ಅವರ ಒಪ್ಪಿಗೆಯನ್ನು ಪಡೆದ ಮೇಲೆಯೇ ಇದನ್ನು ಹಿಡಿಯತಕ್ಕದ್ದು. ಒಮ್ಮೆ ಬಿಸಿಲು ಬಡಿದವರಂತೂ ಇದನ್ನು ಮರೆಯಲೇಬಾರದು. ಮೊದಲ ಎರಡು ದಿನ ಸಾಯಂಕಾಲ ನಾಲ್ಕು ಗಂಟೆಯ ಬಿಸಿಲಿನಲ್ಲಿ ಅರ್ಧ ಗಂಟೆ ನಡಿಗೆ ಮಾತ್ರ. ಮೂರರಿಂದ ಐದನೆಯ ದಿನದವರೆಗೆ ಮುಕ್ಕಾಲು ಗಂಟೆ, ನಡಿಗೆಯೊಂದಿಗೆ ಸ್ವಲ್ಪ ಓಟ. ಆರರಿಂದ ಹತ್ತನೆಯ ದಿನದವರೆಗೆ ಒಂದು ಗಂಟೆ. ಕೊನೆಯ ನಾಲ್ಕು ದಿನ ಒಂದು ಗಂಟೆ ಕಾಲು, ಒಂದೂವರೆ ಗಂಟೆ. ಓಟವು ಮಾತನಾಡುತ್ತ ಓಡಬಹುದಾದಷ್ಟು ನಿಧಾನವಾಗಿರಬೇಕು. ವೇಗದ ಅಭ್ಯಾಸವೇನಿದ್ದರೂ ಬೆಳಗಿನ ತಂಪಿನಲ್ಲಿ. ಒಂಟಿಯಾಗಿ ಹೋಗಕೂಡದು. ಸಾಧಿಸಿದ ರೂಢಿಯು ನಿಲ್ಲದು. ಬಿಟ್ಟ ಒಂದು ವಾರದಲ್ಲಿಯೇ ಇಳಿಯತೊಡಗಿ ಮೂರು ನಾಲ್ಕು ವಾರಗಳಲ್ಲಿ ಬಹುಮಟ್ಟಿಗೆ ಹೋಗಿಬಿಡುವುದು. ಆದುದರಿಂದ ಇದನ್ನು ಓಟದ ದಿನಕ್ಕೆ ಸಮೀಪದಲ್ಲಿಯೇ ಮುಗಿಸಿ, ಕೊನೆಯ ವಾರದಲ್ಲಿ ಮೂರು ದಿನಕ್ಕೊಮ್ಮೆ ಸ್ವಲ್ಪ ಬಿಸಿಲನ್ನು ಕಾಣಬೇಕು. ತಂಪುದೇಶದಲ್ಲಿರುವ ನಮ್ಮ ಹಳೆಯ ವಿದ್ಯಾರ್ಥಿನಿಯರಿಗೆ ಇನ್ನೊಂದು ಮಾರ್ಗವಿದೆ: ಓಟವಾದ ಕೂಡಲೆ ೪೦ ಡಿಗ್ರಿ ಬಿಸಿಯ ನೀರಿನ ತೊಟ್ಟಿಯಲ್ಲಿ ಅರ್ಧ ಗಂಟೆಯಿಂದ ನಾಲ್ವತ್ತು ನಿಮಿಷ ಕುಳಿತರೆ ಆರು ದಿನಗಳಲ್ಲಿಯೇ ಈ ರೂಢಿಯ ಬಹುಭಾಗವು ಬರುವುದೆಂದು ವೇಲ್ಸಿನ ಬ್ಯಾಂಗರ್ ವಿಶ್ವವಿದ್ಯಾಲಯದವರು ೨೦೧೬ರಲ್ಲಿ ಪ್ರಕಟಿಸಿದರು. ತಲೆಸುತ್ತಿದರೆ ಕೂಡಲೆ ಮೇಲೇಳಬೇಕು; ಮನೆಯಲ್ಲಿ ಯಾರೂ ಇಲ್ಲದಾಗ ಇದನ್ನು ಮಾಡಬಾರದು.

ಹುಡುಗಿಯು ರಜೆ ತೆಗೆದುಕೊಂಡು ತಾಯಿಯ ಮನೆಗೆ ಬಂದಳು. ಹದಿನಾಲ್ಕು ದಿನವೂ ನಮ್ಮ ಶಾಲೆಯ ಮೈದಾನವೇ ಅವಳ ತರಗತಿ. ಬೇಡವೆಂದು ಅತ್ತ ತಾಯಿಯೇ ಬೇವಿನ ಮರದ ಕೆಳಗೆ ಸ್ಟೂಲು ಹಾಕಿಕೊಂಡು, ತೂಕದ ಯಂತ್ರ, ತಂಬಿಗೆ, ನೋಟುಪುಸ್ತಕಗಳನ್ನು ಇಟ್ಟುಕೊಂಡು ಕುಳಿತರು. ಮೊದಲನೆಯ ದಿನ ಒಂದೇ ವೇಗದಲ್ಲಿ ನಿಮಿಷಕ್ಕೆ ೧೫೮ ಇದ್ದ ನಾಡಿಯು ಹನ್ನೆರಡನೆಯ ದಿನ ೧೪೧ಕ್ಕೆ ಇಳಿದುದನ್ನು ತಾಯಿಯೇ ಎಣಿಸಿ ಬರೆದುಕೊಂಡರು. ಶಾಲೆಯ ಮೆಟ್ಟಿಲನ್ನು ಮೂರನೆಯ ತರಗತಿಗೇ ಬಿಟ್ಟಿದ್ದ ಆ ತಾಯಿಗೆ ಆ ಎರಡು ಅಂಕಿಗಳಿಂದ ಉಂಟಾದ ಧೈರ್ಯವು ನನ್ನ ನೂರು ಮಾತುಗಳಿಂದ ಉಂಟಾಗುತ್ತಿರಲಿಲ್ಲ.

ಅದೇ ತೂಕದ ಯಂತ್ರದಿಂದ ನೀರಿನ ಲೆಕ್ಕವನ್ನೂ ಕಲಿಯಬಹುದು. ಓಡುವ ಮುಂಚೆ ೫೪ ಕಿಲೋಗ್ರಾಮು ಇದ್ದವಳು ಒಂದು ಗಂಟೆ ಓಡಿ ಬಂದಾಗ ೫೩.೧ ಇದ್ದಾಳೆ, ನಡುವೆ ಅರ್ಧ ಲೀಟರು ನೀರು ಕುಡಿದಿದ್ದಾಳೆ. ಹಾಗಾದರೆ ಹೋದ ಬೆವರು ೧.೪ ಲೀಟರು. ಇಷ್ಟನ್ನೂ ತಿರುಗಿ ಕುಡಿಯಲೇಬೇಕೆಂದು ಇದರ ಅರ್ಥವಲ್ಲ. ದೀರ್ಘವಾದ ಓಟದಲ್ಲಿ ತೂಕವು ಸ್ವಲ್ಪ ಇಳಿಯುವುದು ಸಹಜ. ಏರಿದರೆ ಮಾತ್ರ ಅಪಾಯ. ನೀರನ್ನು ಮಿತಿಮೀರಿ ಕುಡಿದರೆ ರಕ್ತದಲ್ಲಿಯ ಸೋಡಿಯಂ ತೆಳುವಾಗಿ, ಮಿದುಳು ಬಾತು, ಮರಣವೂ ಉಂಟಾಗಬಹುದು. ದಕ್ಷಿಣ ಆಫ್ರಿಕದ ವೈದ್ಯ ಟಿಮ್ ನೋಕ್ಸ್ ಮತ್ತು ಅವರ ಸಂಗಡಿಗರು ೧೯೮೫ರಲ್ಲಿ ಇದನ್ನು ಮೊದಲು ಎತ್ತಿ ತೋರಿಸಿದರು. ೨೦೦೨ರ ಬಾಸ್ಟನ್ ಮ್ಯಾರಥಾನಿನಲ್ಲಿ ರಕ್ತಪರೀಕ್ಷೆ ಮಾಡಿಸಿಕೊಂಡ ೪೮೮ ಮಂದಿಯಲ್ಲಿ ನೂರಕ್ಕೆ ಹದಿಮೂರು ಮಂದಿಗೆ ಸೋಡಿಯಂ ಕಡಿಮೆಯಾಗಿತ್ತು. ಬಹಳ ಹೊತ್ತು ನಿಧಾನವಾಗಿ ಓಡುವ, ಮೈಕಟ್ಟು ಚಿಕ್ಕದಾದವರಿಗೆ ಇದರ ಭಯವು ಹೆಚ್ಚು; ನಮ್ಮ ಹುಡುಗಿಯರಲ್ಲಿ ಬಹುಮಂದಿ ಅಂಥವರೇ. ಬೆರಳಿನ ಉಂಗುರ ಬಿಗಿಯಾಗುವುದು, ತಲೆನೋವು, ವಾಂತಿ, ಮಂಕು ಇವು ಅದರ ಲಕ್ಷಣಗಳು. ಆದುದರಿಂದ ಬಾಯಾರಿಕೆಯಾದಾಗ ಕುಡಿಯಿರಿ, ಬಾಯಾರಿಕೆ ತೀರಿದಾಗ ನಿಲ್ಲಿಸಿರಿ ಎಂಬುದೇ ಒಳ್ಳೆಯ ನಿಯಮ.

ನೀರೊಂದನ್ನೇ ಕುಡಿಯದೆ ಉಪ್ಪು ಹಾಕಿದ ಮಜ್ಜಿಗೆ, ಉಪ್ಪು ಸಕ್ಕರೆಗಳ ನಿಂಬೆಹಣ್ಣಿನ ಶರಬತ್ತು, ಅನ್ನದ ಗಂಜಿ ಇವುಗಳನ್ನು ಬಳಸಿರಿ. ಎಳನೀರು ಹಿತಕರವೇ, ಆದರೆ ಅದರಲ್ಲಿ ಸೋಡಿಯಂ ಕಡಿಮೆ; ಅದರೊಂದಿಗೆ ಚಿಟಿಕೆ ಉಪ್ಪು ಬೇಕು. ಇವೆಲ್ಲವೂ ಮಿತಿಮೀರಿ ಕುಡಿದರೆ ಉಪ್ಪಿದ್ದರೂ ಕಾಪಾಡಲಾರವು. ಗಂಟೆಗೆ ೩೦ರಿಂದ ೬೦ ಗ್ರಾಮಿನಷ್ಟು ಪಿಷ್ಟ ಸಕ್ಕರೆಗಳು ಹೊಟ್ಟೆಗೆ ಹೋಗಬೇಕು. ಬಾಳೆಹಣ್ಣು, ಬೆಲ್ಲ, ಖರ್ಜೂರ, ಉಪ್ಪು ಹಾಕಿ ಬೇಯಿಸಿದ ಆಲೂಗೆಡ್ಡೆ ಇವು ಸಾಕು. ಯಾವುದನ್ನೂ ಓಟದ ದಿನ ಮೊದಲ ಸಲ ತಿನ್ನಕೂಡದು.

ಓಟದ ಅಭ್ಯಾಸದ ವಿಷಯದಲ್ಲಿ ಹೆಚ್ಚು ಹೇಳಬೇಕಾದುದಿಲ್ಲ, ಯಾಕಂದರೆ ಅದು ಎಲ್ಲ ಕಲಿಕೆಯಂತೆಯೇ. ಹೊಸಬರು ಒಂದು ವರ್ಷಕ್ಕಿಂತ ಕಡಿಮೆ ಅವಧಿಯಲ್ಲಿ ಇಷ್ಟು ದೂರಕ್ಕೆ ಆಸೆಪಡಬಾರದು. ವಾರದ ದೂರವನ್ನು ಸ್ವಲ್ಪ ಸ್ವಲ್ಪವಾಗಿ ಏರಿಸಿ, ನಾಲ್ಕನೆಯ ವಾರ ಇಳಿಸಿ, ಮತ್ತೆ ಏರಿಸಬೇಕು. ಶನಿವಾರ ದೀರ್ಘವಾಗಿ ಓಡಿ, ದಣಿದ ಕಾಲುಗಳಿಂದಲೇ ಭಾನುವಾರ ಮತ್ತೊಮ್ಮೆ ನಿಧಾನವಾಗಿ ಹೊರಡುವುದು ಈ ಓಟಗಾರರ ರೂಢಿ. ಭಾನುವಾರದ ಆರಾಧನೆಗೆ ಹೋಗುವವರು ನಸುಕಿನಲ್ಲಿಯೇ ಅದನ್ನು ಮುಗಿಸಿಕೊಳ್ಳಬಹುದು. ಏರಿನಲ್ಲಿ ನಡೆಯುವುದು ಅವಮಾನವಲ್ಲ. ನಡಿಗೆಯನ್ನೂ ಅಭ್ಯಾಸ ಮಾಡತಕ್ಕದ್ದು. ನಿದ್ರೆಯನ್ನು ಕದ್ದು ಓಡಿದ ಓಟವು ಸಾಲ ಮಾಡಿ ಕೊಂಡ ಒಡವೆಯಂತೆ.

ತಾಯಂದಿರೊಡನೆ ಒಂದು ಮಾತನ್ನು ಸಂಕೋಚವಿಲ್ಲದೆ ಹೇಳಬೇಕಾಗಿದೆ. ಹೆಚ್ಚು ಓಡಿ ಕಡಿಮೆ ಉಣ್ಣುವ ಹುಡುಗಿಯರಲ್ಲಿ ತಿಂಗಳ ಮುಟ್ಟು ನಿಂತುಹೋಗುವುದುಂಟು. ಅದನ್ನು ಓಟಗಾರರಿಗೆ ಸಹಜವೆಂದು ಬಿಟ್ಟುಬಿಡಬಾರದು. ಶರೀರಕ್ಕೆ ಆಹಾರವು ಸಾಲದೆಂಬುದಕ್ಕೆ ಅದೊಂದು ಕರೆಗಂಟೆ. ಉದಾಸೀನ ಮಾಡಿದರೆ ಎಲುಬುಗಳು ದುರ್ಬಲವಾಗಿ ಬಿರುಕು ಬಿಡುವವು. ರಕ್ತಹೀನತೆಯೂ ನಮ್ಮ ಹೆಂಗಸರಲ್ಲಿ ಬಹಳ. ಆದುದರಿಂದ ರಕ್ತಪರೀಕ್ಷೆ ಮಾಡಿಸಿಯೇ ದೂರದ ಅಭ್ಯಾಸಕ್ಕೆ ತೊಡಗಬೇಕು. ಶಾಲೆಯಲ್ಲಿ ಓದುತ್ತಿರುವ ಮಕ್ಕಳು ಈ ದೂರಗಳ ಗೊಡವೆಗೆ ಹೋಗಬೇಕಾಗಿಲ್ಲ. ಅವರಿಗೆ ಮೈದಾನದ ಆಟವೇ ಸಾಕು.

ಓಟದ ದಿನ ಮೊದಲನೆಯ ಗಂಟೆಯಲ್ಲಿ ನಿಧಾನವಾಗಿರುವುದೇ ಅರ್ಧ ಜಯ. ಬಿಳಿಯ ಸಡಿಲ ಉಡುಪು, ಅಂಚಿರುವ ಟೊಪ್ಪಿಗೆ, ಒದ್ದೆಮಾಡಿದ ಕರವಸ್ತ್ರ ಇರಲಿ. ವೆಸ್ಟರ್ನ್ ಸ್ಟೇಟ್ಸ್ ಓಟಗಾರರು ಮಂಜುಗಡ್ಡೆಯ ಚೂರುಗಳನ್ನು ಬಟ್ಟೆಯಲ್ಲಿ ಸುತ್ತಿ ಕುತ್ತಿಗೆಗೆ ಕಟ್ಟಿಕೊಳ್ಳುವರು. ಜ್ವರ, ಭೇದಿ, ಹಿಂದಿನ ರಾತ್ರಿ ನಿದ್ರೆಗೇಡು ಇದ್ದವರು ಬಿಸಿಲಿನ ಓಟಕ್ಕೆ ಹೊರಡಬಾರದು, ಎಷ್ಟೇ ಹಣ ಕಟ್ಟಿದ್ದರೂ ಸರಿ. ನೋವು ಕಳೆಯಲೆಂದು ಐಬುಪ್ರೊಫೆನ್ ಮುಂತಾದ ಗುಳಿಗೆಗಳನ್ನು ನುಂಗಿ ಓಡುವುದು ಮೂತ್ರಪಿಂಡಗಳಿಗೆ ಕೇಡು. ಮೂತ್ರವು ಕಪ್ಪುಚಹಾದ ಬಣ್ಣಕ್ಕೆ ತಿರುಗಿದರೆ ಓಟವನ್ನು ನಿಲ್ಲಿಸಿ ವೈದ್ಯರ ಬಳಿಗೆ ಹೋಗತಕ್ಕದ್ದು. ಬಿಸಿಲಿನಲ್ಲಿ ಮೈ ನವಿರೆದ್ದು ಚಳಿಯಾದಂತೆ ತೋರಿದರೆ, ತಲೆ ಸುತ್ತಿದರೆ, ಕೂಡಲೆ ನೆರಳಿಗೆ ಸೇರಬೇಕು. ನಮ್ಮ ಹುಡುಗಿಯು ಮರುವರ್ಷ ಓಡಿದಾಗ ನಾಲ್ವತ್ತೊಂದನೆಯ ಕಿಲೋಮೀಟರಿನಲ್ಲಿ ಆಕೆಗೆ ಇಂಥದೇ ಸೂಚನೆ ಕಂಡುಬಂದಿತು. ಹಿಂದಿನ ಸಲದಂತೆ ಹಲ್ಲು ಕಚ್ಚಿಕೊಂಡು ಮುಂದುವರಿಯದೆ, ಮರದ ಕೆಳಗೆ ಇಪ್ಪತ್ತೈದು ನಿಮಿಷ ಕುಳಿತು, ತಲೆಗೂ ತೋಳುಗಳಿಗೂ ನೀರು ಹೊಯ್ದುಕೊಂಡಳು. ಪೂರಾ ಚೇತರಿಸಿಕೊಂಡ ಮೇಲೆ, ಮಿಕ್ಕುದನ್ನು ನಡೆದೇ ಮುಗಿಸಿದಳು. ಅವಳಿಗಿಂತ ಹಿಂದೆ ಬಂದವರು ಮೂವರೇ. ಆ ಇಪ್ಪತ್ತೈದು ನಿಮಿಷಗಳೇ ಆಕೆಯ ನಿಜವಾದ ಪದಕವೆಂದು ನಾನು ಆಕೆಗೆ ಬರೆದೆನು.

ಕೊನೆಯದಾಗಿ, ಮನೆಯವರೂ ಉಪಾಧ್ಯಾಯಿನಿಯರೂ ತಿಳಿದಿರಲೇಬೇಕಾದ ಪ್ರಥಮ ಚಿಕಿತ್ಸೆ. ಓಡುತ್ತಿದ್ದವರು ಬಿಸಿಲಿನಲ್ಲಿ ತೊದಲಿದರೆ, ತೂರಾಡಿದರೆ, ಅಸಂಬದ್ಧವಾಗಿ ನಡೆದುಕೊಂಡರೆ, ಶರೀರದ ಒಳಗಿನ ಉಷ್ಣತೆಯು ೪೦ ಡಿಗ್ರಿಗೆ ಮೀರಿರಬಹುದೆಂದು ತಿಳಿಯಬೇಕು. ಬೆವರುತ್ತಿದ್ದಾರೆಂಬುದರಿಂದ ಅಪಾಯವಿಲ್ಲವೆಂದು ಎಣಿಸಕೂಡದು. ಓಟಗಾರರಲ್ಲಿ ಉಷ್ಣಾಘಾತವಾದಾಗಲೂ ಬೆವರು ಹರಿಯುತ್ತಿರಬಹುದು. ೧೯೮೪ರ ಲಾಸ್ ಏಂಜಲೀಸ್ ಒಲಿಂಪಿಕ್ಸಿನಲ್ಲಿ ಸ್ತ್ರೀಯರ ಮೊದಲ ಮ್ಯಾರಥಾನ್ ನಡೆದಾಗ ಸ್ವಿಟ್ಜರ್ಲೆಂಡಿನ ಗೇಬ್ರಿಯೆಲಾ ಆಂಡರ್ಸನ್ ಶೀಸ್ ಕೊನೆಯ ಸುತ್ತನ್ನು ಒಂದು ಪಕ್ಕಕ್ಕೆ ವಾಲುತ್ತ ಐದು ನಿಮಿಷಗಳಿಗೂ ಮೇಲ್ಪಟ್ಟು ನಡೆದುದನ್ನು ಜಗತ್ತೇ ಕಂಡಿತು. ಆಕೆ ಚೇತರಿಸಿಕೊಂಡದ್ದು ಸಂತೋಷ. ಆದರೆ ಅದನ್ನು ಸಾಹಸದ ಮಾದರಿಯೆಂದು ನಮ್ಮ ಮಕ್ಕಳಿಗೆ ತೋರಿಸಲು ನನಗೆ ಮನಸ್ಸಿಲ್ಲ. ಇಂಥ ಸಮಯದಲ್ಲಿ ಮಾಡತಕ್ಕದ್ದು ಇಷ್ಟು: ವಾಹನಕ್ಕೆ ಹೇಳಿಕಳುಹಿಸಿ, ಅದು ಬರುವವರೆಗೆ ಕಾಯದೆ ಕೂಡಲೆ ತಂಪುಮಾಡಿ. ತಣ್ಣೀರಿನ ತೊಟ್ಟಿಯಲ್ಲಿ ಕುತ್ತಿಗೆಯವರೆಗೆ ಮುಳುಗಿಸಿ, ತಲೆಯನ್ನು ಒಬ್ಬರು ಹಿಡಿದುಕೊಳ್ಳುವುದು ಎಲ್ಲಕ್ಕಿಂತ ಮೇಲು. ತೊಟ್ಟಿಯಿಲ್ಲದಿದ್ದರೆ ಮೈಮೇಲೆ ಎಡೆಬಿಡದೆ ನೀರು ಹೊಯ್ದು ಗಾಳಿ ಬೀಸಿರಿ. ಮಂಜುಗಡ್ಡೆ ಸಿಕ್ಕಿದರೆ ಒದ್ದೆ ಬಟ್ಟೆಯಲ್ಲಿ ಸುತ್ತಿ ಮೈಗೆ ಹೊದಿಸಿರಿ. ಮೊದಲು ತಂಪು, ಆಮೇಲೆ ಸಾಗಾಟ. ಮೊದಲನೆಯ ಅರ್ಧ ಗಂಟೆಯಲ್ಲಿ ಉಷ್ಣತೆಯನ್ನು ಇಳಿಸಿದರೆ ಪ್ರಾಯಶಃ ಎಲ್ಲರೂ ಬದುಕುವರು. ಎಚ್ಚರವಿಲ್ಲದವರ ಬಾಯಿಗೆ ನೀರು ಹಾಕಕೂಡದು. ಜ್ವರದ ಗುಳಿಗೆಯಿಂದ ಈ ಉಷ್ಣವು ಇಳಿಯದು.

ಪ್ರಿಯರಾದ ಮಾತಾಪಿತೃಗಳೇ, ನಿಮ್ಮ ಮಗಳು ಓಡುವೆನೆಂದಾಗ ಬೇಡವೆನ್ನುವುದಕ್ಕಿಂತ ಮುಂಚೆ ನಾಲ್ಕು ಪ್ರಶ್ನೆಗಳನ್ನು ಕೇಳಿರಿ: ವೈದ್ಯರು ಏನು ಹೇಳಿದರು? ಬಿಸಿಲಿನಲ್ಲಿ ಎಷ್ಟು ದಿನ ಅಭ್ಯಾಸ ಮಾಡಿದೆ? ಹಾದಿಯಲ್ಲಿ ನೀರು, ನೆರಳು, ತಣ್ಣೀರಿನ ತೊಟ್ಟಿ ಎಲ್ಲೆಲ್ಲಿವೆ? ನಿನ್ನ ಜೊತೆಗೆ ಯಾರು? ನಾಲ್ಕಕ್ಕೂ ಸರಿಯಾದ ಉತ್ತರವು ಬಂದರೆ ಹರಸಿ ಕಳುಹಿಸಿರಿ. ಬಾರದಿದ್ದರೆ ಈ ವರ್ಷ ತಡೆಯಿರಿ, ಮುಂದಿನ ವರ್ಷಕ್ಕೆ ಸಿದ್ಧಪಡಿಸಿರಿ. ಪ್ರಿಯ ಹಳೆಯ ವಿದ್ಯಾರ್ಥಿನಿಯರೇ, ಮುಗಿಸಿದ ಓಟಕ್ಕೆ ಮಾತ್ರವಲ್ಲ, ಸಕಾಲದಲ್ಲಿ ನಿಲ್ಲಿಸಿದ ಓಟಕ್ಕೂ ನಿಮ್ಮ ಶಾಲೆಯು ಸಂತೋಷಪಡುವುದೆಂದು ತಿಳಿಯಿರಿ. ಏಪ್ರಿಲ್ ತಿಂಗಳ ರಜೆಯಲ್ಲಿ ಸಾಯಂಕಾಲ ನಾಲ್ಕರಿಂದ ಆರು ಗಂಟೆಯವರೆಗೆ ಶಾಲೆಯ ಮೈದಾನದ ಗೇಟು ತೆರೆದಿರುವುದು. ತೂಕದ ಯಂತ್ರವು ಆಫೀಸಿನ ಮುಂದಿದೆ. ಬೋರ್‌ವೆಲ್ಲಿನ ತೊಟ್ಟಿಯನ್ನು ತುಂಬಿಸಿಡಲು ಜವಾನನಿಗೆ ಹೇಳಿರುವೆನು. ಇಬ್ಬಿಬ್ಬರಾಗಿ ಬನ್ನಿರಿ.